ಕಸಿ ಚಾಕುವಿನ ಲಾಕು

ಮಾವಿನ ಕಸಿ ಕಟ್ಟುವ ಚಿಕ್ಕತಾಯಮ್ಮನ ಮುಂದೆ ನರ್ಸರಿಯ ಸೂಪರ್‌ವೈಸರ್ ಗುರುಪಾದಪ್ಪನವರು ಎರಡು ಮಡಚುವ ಚಾಕು ಇಟ್ಟರು. ಎರಡೂ ಅಗ್ಗದವೇ. ಒಂದರ ಅಲಗು ಬಿಚ್ಚಿದರೆ ಅದು ಮತ್ತೆ ಮಡಚದಂತೆ ಹಿಡಿಯೊಳಗಿನ ತಗಡು ಅಡ್ಡ ಬಂದು ಭದ್ರವಾಗಿ ಕೂರುತ್ತಿತ್ತು. ಇನ್ನೊಂದಕ್ಕೆ ಬರೀ ಸ್ಪ್ರಿಂಗು. ಬೆನ್ನಿನ ಕಡೆ ಜೋರಾಗಿ ಒತ್ತಿದರೆ ಅಲಗು ಬೆರಳ ಮೇಲೇ ಮಡಚಿಕೊಳ್ಳುತ್ತಿತ್ತು. ಅದನ್ನು ಮಾರುವವನು ಗುರುಪಾದಪ್ಪನವರ ಭಾವಮೈದ; ನರ್ಸರಿಗೆ ಅದನ್ನೇ ಕೊಳ್ಳಬೇಕೆಂದು ಅವರ ಆಸೆ.

“ಎರಡರ ಲಾಕೂ ಒಂದೇ ಅಂತ ಬರೆದಿದೀನಿ, ಸೈನ್ ಹಾಕು. ಇಲ್ಲಾಂದ್ರೆ ನಾಳೆಯಿಂದ ಗೊಬ್ಬರ ಹೊರೋ ಕೆಲಸ,” ಅಂದರು ಗುರುಪಾದಪ್ಪನವರು.

ಜೊತೆಗಿದ್ದ ಹನ್ನೊಂದು ಹೆಂಗಸರೂ ಅದೇ ಚಾಕು ಹಿಡಿಯಬೇಕಾದವರು. ಎಲ್ಲರೂ ಅವಳ ಮುಖ ನೋಡಿದರು.

“ಹಾಕ್ತೀನಿ ಸಾರ್,” ಅಂದಳು ಚಿಕ್ಕತಾಯಮ್ಮ. “ಮೊದಲು ಒಂದ್ಸಲ ಪರೀಕ್ಷೆ ಮಾಡಿಬಿಡೋಣ. ನೀವೊಂದು ಹಿಡೀರಿ, ನಾನೊಂದು ಹಿಡೀತೀನಿ. ಅಲಗಿನ ಬೆನ್ನು ಈ ಹಲಗೆಗಿಟ್ಟು ಇಬ್ಬರೂ ಬಲವಾಗಿ ಒತ್ತೋಣ. ಯಾವುದು ಬೇಕೋ ನೀವೇ ಆರಿಸ್ಕೊಳ್ಳಿ.”

ಗುರುಪಾದಪ್ಪನವರ ಕೈ ಥಟ್ಟನೆ ತಗಡಿನ ಲಾಕಿದ್ದ ಚಾಕುವಿಗೆ ಹೋಯಿತು.

“ಎರಡೂ ಒಂದೇ ಅಲ್ವಾ ಸಾರ್? ಅದನ್ನೇ ಯಾಕೆ ತಗೊಂಡ್ರಿ?”

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಗುರುಪಾದಪ್ಪನವರ ಕಿವಿ ಕೆಂಪಾಯಿತು. ಬರೆದ ಕಾಗದವನ್ನು ಹರಿದು ಜೇಬಿಗೆ ತುರುಕಿದರು. ತಗಡಿನ ಲಾಕಿನ ಚಾಕುವನ್ನೇ ತರಿಸುವುದಾಗಿ ಒಪ್ಪಿಕೊಂಡರು.

“ಭಾವಮೈದನಿಗೆ ಏನು ಹೇಳ್ಲಮ್ಮ ಈಗ?” ಎಂದು ಗೊಣಗಿದರು.

“‘ನನ್ನ ಮನಸ್ಸು ಒಪ್ಪಿತ್ತು, ನನ್ನ ಕೈಯೇ ಒಪ್ಪಲಿಲ್ಲ’ ಅಂತ ಹೇಳಿ ಸಾರ್.”