ಹೊಸ್ತಿಲಲ್ಲಿ ಬಿದ್ದ ಮಾತು

"ಗುರುಗಳೇ, ವೈದ್ಯನ ವಿದ್ಯೆಯಿಂದ ಜ್ವರ ಇಳಿಯುತ್ತದೆ. ಜನರ ನಡುವೆ ಮಾತು ಹೇಗೆ ಸಾಗುತ್ತದೆಂದು ಇಷ್ಟು ವರ್ಷ ಓದಿದೆನಲ್ಲ, ನನ್ನ ವಿದ್ಯೆಯಿಂದ ಯಾರ ಜ್ವರ ಇಳಿದೀತು? ಇದನ್ನು ಬಿಟ್ಟುಬಿಡಲೇ?" ಎಂದು ಶಿಷ್ಯೆ ಚಂದ್ರಲೇಖೆ ಕೇಳಿದಳು.

ಗುರುಗಳು ನಕ್ಕು ಕತೆ ಹೇಳಿದರು.

ಒಂದು ಊರಿನಲ್ಲಿ ಜ್ವರ ಹಬ್ಬಿತು. ಕೆರೆಯ ನೀರನ್ನು ಕುದಿಸಿ ಕುಡಿದರೆ ಜ್ವರ ನಿಲ್ಲುತ್ತದೆಂದು ಒಬ್ಬ ವೈದ್ಯ ಕಂಡುಕೊಂಡ. ಅರಸ ಅರಳಿಕಟ್ಟೆಯಲ್ಲಿ ಡಂಗುರ ಸಾರಿಸಿದ. ಕಟ್ಟೆಯ ಮೇಲಿದ್ದ ಗಂಡಸರೆಲ್ಲ ತಲೆದೂಗಿದರು. ಜ್ವರ ಜಗ್ಗಲಿಲ್ಲ. ಅರಸ ಇನ್ನೂ ದೊಡ್ಡ ಡಂಗುರ ಮಾಡಿಸಿದ. ಊರಿನ ನಾಯಿಗಳು ಓಡಿಹೋದವು, ಜ್ವರ ಅಲ್ಲೇ ಉಳಿಯಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತೆಂದು ಅರಸ ಜನರನ್ನೇ ಬೈದ.

ಆ ಊರಿಗೆ ಒಬ್ಬ ವಿದುಷಿ ಬಂದಳು. ಅವಳಿಗೆ ಮದ್ದಿನ ಗಂಧಗಾಳಿಯೂ ಗೊತ್ತಿರಲಿಲ್ಲ. ದಾರಿಯಲ್ಲಿ ಮೂಗುತಿ ಕಳೆದುಕೊಂಡವಳ ಹಾಗೆ, ಡಂಗುರದ ಮಾತು ಎಲ್ಲಿ ಬಿದ್ದುಹೋಯಿತೆಂದು ಹುಡುಕುತ್ತ ನಡೆದಳು. ಕಟ್ಟೆಯಿಂದ ಎದ್ದ ರೈತನೊಬ್ಬನ ಹಿಂದೆಯೇ ಅವನ ಮನೆಗೆ ಹೋದಳು. ರೈತ ಕಾಲು ತೊಳೆದ, ಉಂಡ, ಹಸಿ ನೀರನ್ನೇ ಕುಡಿದ. ಡಂಗುರದ ಸುದ್ದಿ ಎತ್ತಲಿಲ್ಲ.

ಅವನು ಜಗಲಿಗೆ ಬಂದಾಗ ವಿದುಷಿ ಮೆಲ್ಲನೆ ಕೇಳಿದಳು, "ಡಂಗುರ ಕೇಳಿಸಲಿಲ್ಲವೇ ಅಣ್ಣ?"

"ಕೇಳಿಸದೆ ಏನವ್ವ, ಕಿವಿ ಇನ್ನೂ ಗುಂಯ್ ಅನ್ನುತ್ತಿದೆ. ಆದರೆ ಒಲೆಯ ವಿಷಯಕ್ಕೆ ಗಂಡಸು ಬಾಯಿ ಹಾಕಿದನೆಂದು ಗೊತ್ತಾದರೆ ನಾಳೆ ಕಟ್ಟೆಯಲ್ಲಿ ನನ್ನ ಕೈಗೆ ಬಳೆ ತೊಡಿಸುತ್ತಾರೆ!"

ವಿದುಷಿ ಮನೆಮನೆ ನೋಡಿದಳು. ಎಲ್ಲೆಲ್ಲೂ ಮಾತು ಹೊಸ್ತಿಲಲ್ಲೇ ಬಿದ್ದಿತ್ತು. ಒಳಗಿದ್ದ ಹೆಂಗಸರು, ಅದು ಗಂಡಸರ ಗದ್ದಲವೆಂದು ಸುಮ್ಮನಿದ್ದರು.

ಅವಳು ಅರಸನಿಗೆ ಹೇಳಿದಳು, "ಪ್ರಭು, ಹಳೆಯ ಡಂಗುರವೇ ಸಾಕು. ಕಟ್ಟೆಯಲ್ಲಿ ಬೇಡ, ಹೆಂಗಸರು ನೀರಿಗೆ ಬರುವ ಕೆರೆಯ ಮೆಟ್ಟಿಲಲ್ಲಿ ಬಾರಿಸಿ."

ಹಾಗೇ ಮಾಡಿದರು. ಹೆಂಗಸರು ಕೊಡ ಕೆಳಗಿಟ್ಟು ಕೇಳಿದರು. ಇಷ್ಟು ದಿನ ಯಾಕೆ ಹೇಳಲಿಲ್ಲವೆಂದು ಡಂಗುರದವನಿಗೇ ಮಂಗಳಾರತಿ ಎತ್ತಿದರು. ಅಂದೇ ಒಲೆಗಳ ಮೇಲೆ ನೀರು ಕುದಿಯಿತು. ಜ್ವರ ಹೇಳದೆ ಕೇಳದೆ ಊರು ಬಿಟ್ಟಿತು.

ಅರಸ ವೈದ್ಯನನ್ನು ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿಸಿದ. ವಿದುಷಿ ಜನರ ನಡುವೆ ನಿಂತು, ಹಂಚಿದ ಬೆಲ್ಲ ಮೆಲ್ಲುತ್ತ ಸಂತೋಷದಿಂದ ನೋಡಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಚಂದ್ರಲೇಖೆಗೆ ತಡೆಯಲಾಗಲಿಲ್ಲ. "ಅಯ್ಯೋ, ಅವಳನ್ನು ಯಾರೂ ಆನೆ ಹತ್ತಿಸಲಿಲ್ಲವೇ?"

"ಮಗಳೇ, ನೀನು ಕೇಳಿದ್ದು ಜ್ವರ ಇಳಿಯುವ ಮಾತು, ನಡುವೆ ಈ ಆನೆ ಎಲ್ಲಿಂದ ಬಂತು?"

ಚಂದ್ರಲೇಖೆಗೆ ನಗು ಬಂತು.