ಕೊನೆಯ ಕಾಲಾಳು

“ಗುರುಗಳೇ, ತಪ್ಪು ನನ್ನ ಅಣ್ಣನದೇ. ಹಿರಿಯರ ಎದುರು ಅವನು ಹೇಳಿದ ಒಂದೊಂದು ನೆಪವನ್ನೂ ಮುರಿದೆ. ಕೊನೆಗೆ ಅವನ ಬಾಯಲ್ಲಿ ಮಾತೇ ಉಳಿಯಲಿಲ್ಲ. ಆದರೂ ತಪ್ಪೊಪ್ಪದೆ ಎದ್ದುಹೋದ. ಗೆದ್ದವನು ನಾನು, ಗೆಲುವು ಮಾತ್ರ ಏಕೆ ಕೈಗೆ ಬರಲಿಲ್ಲ?” ಎಂದು ಬಸವಂತನೆಂಬ ಶಿಷ್ಯನು ಕೇಳಿದನು.

ಗುರುಗಳು ಹೇಳಿದರು:

ಒಬ್ಬ ಕುಂಬಾರನಿದ್ದನು. ಅವನು ಮಣ್ಣು ತೆಗೆಯುತ್ತಿದ್ದ ಗುಂಡಿಗೆ ಒಬ್ಬ ವರ್ತಕನು ಬೇಲಿ ಹಾಕಿದನು. ಮಣ್ಣಿಲ್ಲದೆ ತಿಗರಿ ನಿಂತಿತು. ತಿಗರಿ ನಿಂತರೆ ಕುಂಬಾರನ ಮನೆಯ ಒಲೆಯೂ ನಿಂತ ಹಾಗೆ. ವರ್ತಕನಿಗೆ ತನ್ನ ಚದುರಂಗದ ಮೇಲೆ ಬಹಳ ಹೆಮ್ಮೆ. “ಆಟದಲ್ಲಿ ನನ್ನನ್ನು ಗೆಲ್ಲು, ಬೇಲಿ ಕೀಳುತ್ತೇನೆ. ಗೆಲ್ಲದಿದ್ದರೆ ಆ ಕಡೆ ಕಾಲಿಡಬೇಡ” ಎಂದನು. ಕುಂಬಾರನು ಒಪ್ಪಿದನು. ಊರ ಹಿರಿಯನೊಬ್ಬನು ನಡುವೆ ಕುಳಿತನು.

ಆ ಊರಿನ ಆಟಕ್ಕೆ ಒಂದು ಕಟ್ಟಳೆಯಿತ್ತು. ಎದುರಾಳಿಯ ಕಾಯಿಗಳನ್ನೆಲ್ಲ ಹೊಡೆದು ರಾಜನೊಬ್ಬನನ್ನೇ ಉಳಿಸಿದರೆ ಆಟ ಸಮ. ಪರಿವಾರವಿಲ್ಲದ ರಾಜನನ್ನು ಕಟ್ಟುವುದು ಗೆಲುವಲ್ಲ ಎಂಬುದು ಅದರ ಅರ್ಥ. ಆದ್ದರಿಂದ ಗೆಲ್ಲಬೇಕೆಂದವನು ಎದುರಾಳಿಗೆ ಒಂದು ಕಾಯಿಯನ್ನಾದರೂ ಬಿಟ್ಟು ರಾಜನನ್ನು ಕಟ್ಟಬೇಕಿತ್ತು. ಇದು ಮಕ್ಕಳಿಗೂ ಗೊತ್ತಿತ್ತು. ಕುಂಬಾರನಿಗೂ ಗೊತ್ತಿತ್ತು.

ಆಟ ಮೂರು ದಿನ ನಡೆಯಿತು. ಮೂರನೆಯ ಸಂಜೆ ವರ್ತಕನಿಗೆ ರಾಜನೂ ಒಬ್ಬ ಕಾಲಾಳೂ ಮಾತ್ರ ಉಳಿದಿದ್ದರು. ಈಗ ನಡೆ ಕುಂಬಾರನದು. ಆನೆಯನ್ನು ಮೂಲೆಗೆ ಸರಿಸಿದರೆ ಸಾಕು, ರಾಜನಿಗೆ ಓಡಲು ಮನೆಯೇ ಇರಲಿಲ್ಲ. ನಾಳೆ ತಿಗರಿ ತಿರುಗುತ್ತದೆ ಎಂದುಕೊಂಡನು. ಅವನ ಎದೆ ಹಗುರಾಯಿತು.

ಸೋಲು ವರ್ತಕನಿಗೂ ಕಂಡಿತು. ಅವನು ನಕ್ಕನು. “ಏನೋ ಮಡಕೆಯವನೇ! ನನ್ನ ಈ ಆಳಿನ ಎದುರು ನಿಲ್ಲುವ ಯೋಗ್ಯತೆಯೂ ನಿನಗಿಲ್ಲ.”

ಮಾತು ನಾಟಿತು. ಮೂರು ದಿನ ನುಂಗಿಕೊಂಡಿದ್ದ ಅವಮಾನವೆಲ್ಲ ಕುಂಬಾರನ ಬೆರಳಿಗೆ ಇಳಿಯಿತು. ಗೆದ್ದರೆ ಸಾಲದು, ಇವನ ಬಳಿ ಏನೂ ಉಳಿಯಬಾರದು ಎನಿಸಿತು. “ತಗೋ ನಿನ್ನ ಆಳು!” ಎಂದು ಆನೆಯಿಂದ ಕಾಲಾಳನ್ನು ಹೊಡೆದನು.

ಹಿರಿಯನು ಚದುರಂಗದ ಹಾಸಿನ ಮೇಲೆ ಅಂಗೈ ಇಟ್ಟು, “ಆಟ ಸಮ” ಎಂದನು.

ಕುಂಬಾರನು ತನ್ನ ಕೈಯನ್ನು ನೋಡಿಕೊಂಡನು. ಅದರಲ್ಲಿ ಹೆಬ್ಬೆರಳಷ್ಟು ಮರದ ತುಂಡಿತ್ತು. ಬೇಲಿ ಇದ್ದಲ್ಲೇ ಉಳಿಯಿತು.

“ಅಯ್ಯೋ, ಬಾಯಿಗೆ ಬಂದ ತುತ್ತನ್ನು ತಾನೇ ಚೆಲ್ಲಿಕೊಂಡನಲ್ಲ, ಹುಚ್ಚ!” ಎಂದನು ಬಸವಂತ.

ಗುರುಗಳು ಕೇಳಿದರು: “ನಿನ್ನ ಅಣ್ಣನಿಗೆ ನೀನು ಯಾವ ಕಾಲಾಳನ್ನು ಬಿಟ್ಟಿದ್ದೆ?”