ಬೀಗ ಹಾಕಿ ಕೊಟ್ಟ ಸ್ವಾತಂತ್ರ್ಯ

ವಾದಿರಾಜ ಮೇಷ್ಟ್ರಿಗೆ ಮುಕ್ತ ತಂತ್ರಾಂಶವೆಂದರೆ ಪ್ರಾಣ. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಮಗೆ ಬೇಕಾದಂತೆ ಬದಲಿಸಿ ಇನ್ನೊಬ್ಬರಿಗೂ ಕೊಡಬಹುದಾದ ತಂತ್ರಾಂಶ ಅದು. ಮದುವೆ ಊಟಕ್ಕೆ ಕೂತರೂ ಪಕ್ಕದ ಎಲೆಯವರಿಗೆ ಅದರ ಗುಣಗಾನ ಮಾಡುತ್ತಿದ್ದರು. ಪಾಪ, ಅವರು ಹೋಳಿಗೆ ಬರುವವರೆಗೆ ತಲೆಯಾಡಿಸುತ್ತಿದ್ದರು.

ಆ ಊರಲ್ಲಿ ಕಣ್ಣು ಕಾಣದ ಹೆಣ್ಣುಮಕ್ಕಳ ಹಾಸ್ಟೆಲ್ ಒಂದಿತ್ತು. ಅಲ್ಲಿಗೆ ಯಾರೋ ಒಂದು ಹಳೆಯ ಕಂಪ್ಯೂಟರ್ ದಾನ ಕೊಟ್ಟರು. ಮೇಷ್ಟ್ರು ತಾವೇ ಹೋಗಿ, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಮುಕ್ತ ತಂತ್ರಾಂಶವನ್ನು ಅದಕ್ಕೆ ಹಾಕಿಕೊಟ್ಟರು.

“ಇದು ಪುಕ್ಕಟೆ ಅನ್ನೋದು ದೊಡ್ಡದಲ್ಲ. ಇದು ನಿಮ್ಮದು ಅನ್ನೋದು ದೊಡ್ಡದು. ಇನ್ಮೇಲೆ ನಿಮಗೆ ಯಾರ ಹಂಗೂ ಇಲ್ಲ!” ಎಂದರು. ಹುಡುಗಿಯರು ಚಪ್ಪಾಳೆ ತಟ್ಟಿದರು.

ಹೊರಡುವ ಮುನ್ನ ಮೇಷ್ಟ್ರು ಇನ್ನೊಂದು ಕೆಲಸ ಮಾಡಿದರು. ತಿಳಿಯದ ಮಕ್ಕಳು ಏನಾದರೂ ಒತ್ತಿ ಕೆಡಿಸಿಬಿಟ್ಟಾರೆಂದು, ಓದುವ ದನಿ, ಅದರ ವೇಗ, ಎಲ್ಲವನ್ನೂ ತಮ್ಮ ಕಿವಿಗೆ ಹಿತವಾಗುವಂತೆ ಹೊಂದಿಸಿ ಪಾಸ್‌ವರ್ಡ್ ಹಾಕಿದರು. ಅದನ್ನು ಯಾರಿಗೂ ಹೇಳಲಿಲ್ಲ. ಕಾಳಜಿಯಿಂದಲೇ ಮಾಡಿದ್ದು, ಸಂಶಯ ಬೇಡ. ಕಾಳಜಿಯ ಹೆಸರಲ್ಲಿ ನಾವು ಮಾಡುವ ಕಿತಾಪತಿಗೆ ಕೊನೆಯಿದೆಯೇ?

ಅಲ್ಲಿದ್ದ ಹಂಸವೇಣಿ ಎಂಬ ಹುಡುಗಿ ಒಮ್ಮೆ ಕೇಳಿದಳು: “ಸರ್, ಇದು ತುಂಬಾ ನಿಧಾನ ಓದುತ್ತೆ. ಸ್ವಲ್ಪ ಸ್ಪೀಡ್ ಮಾಡ್ಕೊಡ್ತೀರಾ?”

“ಇದಕ್ಕಿಂತ ಸ್ಪೀಡ್ ಆದ್ರೆ ಒಂದಕ್ಷರನೂ ತಿಳಿಯಲ್ಲ ಕಣಮ್ಮ. ನಾನೇ ಪರೀಕ್ಷೆ ಮಾಡಿ ಇಟ್ಟಿದ್ದೀನಿ,” ಎಂದು ಮೇಷ್ಟ್ರು ನಕ್ಕರು.

ಕೆಲವು ತಿಂಗಳ ಮೇಲೆ ಒಂದು ಪ್ರಕಾಶನದವರು ಪುಸ್ತಕದ ಕರಡು ತಿದ್ದುವ ಕೆಲಸಕ್ಕೆ ಅರ್ಜಿ ಕರೆದರು. ಹಂಸವೇಣಿಗೆ ಕಾಗುಣಿತವೆಂದರೆ ನೀರು ಕುಡಿದಷ್ಟು ಸುಲಭ. ಹಾಸ್ಟೆಲ್ಲಿನಲ್ಲಿ ಅವಳ ಅವಧಿ ಮುಗಿಯುತ್ತ ಬಂದಿತ್ತು. ಈ ಕೆಲಸ ಸಿಕ್ಕರೆ ಸ್ವಂತ ದುಡಿಮೆ, ಇಲ್ಲದಿದ್ದರೆ ಅಣ್ಣನ ಮನೆಯ ಮೂಲೆ. ಪರೀಕ್ಷೆ ಹಾಸ್ಟೆಲ್ಲಿನಿಂದಲೇ ನಡೆಯಿತು. ಬೆಳಿಗ್ಗೆ ಇಮೇಲಿನಲ್ಲಿ ಬರುವ ಉದ್ದನೆಯ ಬರಹವನ್ನು ಮಧ್ಯಾಹ್ನದೊಳಗೆ ತಿದ್ದಿ ಕಳಿಸಬೇಕು.

ಕಂಪ್ಯೂಟರ್ ಎಳೆದೆಳೆದು ಓದತೊಡಗಿತು. ಓದಿದಷ್ಟರಲ್ಲಿ ಹಂಸವೇಣಿಗೆ ತಪ್ಪುಗಳೆಲ್ಲ ಸಿಕ್ಕವು, ಆದರೆ ಹೊತ್ತು ಸಾಲಲಿಲ್ಲ. ವಾರ್ಡನ್ ಜಯಶೀಲಮ್ಮ ಮೇಷ್ಟ್ರಿಗೆ ಫೋನ್ ಮೇಲೆ ಫೋನ್ ಮಾಡಿದರು. ಅವರು ಎತ್ತಲಿಲ್ಲ. ಪಕ್ಕದ ಊರಿನ ಕಾಲೇಜಿನ ವೇದಿಕೆಯಲ್ಲಿ ನಿಂತು ‘ದಿನನಿತ್ಯದ ಬದುಕಿನಲ್ಲಿ ಸ್ವಾತಂತ್ರ್ಯ’ ಎಂಬ ವಿಷಯದ ಮೇಲೆ ಭಾಷಣ ಮಾಡುತ್ತಿದ್ದರು. ಇತ್ತ ಅರ್ಧ ಬರಹ ಉಳಿದಿರುವಾಗಲೇ ವೇಳೆ ಮುಗಿಯಿತು.

ಸಂಜೆ ಮೇಷ್ಟ್ರು ಸನ್ಮಾನದ ಶಾಲನ್ನು ಬಗಲಲ್ಲಿ ಇಟ್ಟುಕೊಂಡೇ ಹಾಸ್ಟೆಲ್ಲಿಗೆ ಓಡಿಬಂದರು. ಪಾಸ್‌ವರ್ಡ್ ಒತ್ತಿ ಬೀಗ ತೆಗೆದರು. ಹಂಸವೇಣಿ ವೇಗ ಏರಿಸಿದಳು, ಮತ್ತೂ ಏರಿಸಿದಳು. ಮೇಷ್ಟ್ರ ಕಿವಿಗೆ ಬರೀ ಗೊರಗೊರ. ಅವಳು ಮಾತ್ರ ಒಂದೊಂದು ಸಾಲನ್ನೂ ಹಿಡಿದು ತಿದ್ದುತ್ತ ಹೋದಳು. ಮೇಷ್ಟ್ರಿಗೆ ತಂದಿಟ್ಟ ಕಾಫಿ ಆರುವಷ್ಟರಲ್ಲಿ ಉಳಿದ ಬರಹವೆಲ್ಲ ಮುಗಿಯಿತು.

“ಇಷ್ಟು ಸ್ಪೀಡು ನಿನಗೆ ತಿಳಿಯುತ್ತಾ?”

“ನಾವೆಲ್ಲ ಹೀಗೇ ಕೇಳೋದು ಸರ್. ನೀವು ಪೇಪರ್ ಮೇಲೆ ಕಣ್ಣು ಓಡಿಸಲ್ವಾ, ಹಾಗೆ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ಮೇಷ್ಟ್ರು ಹೇಗೋ ತಾಳಿಕೊಳ್ಳುತ್ತಿದ್ದರು. ಬೆಳಿಗ್ಗೆ ವೇದಿಕೆಯಲ್ಲಿ ಆಡಿದ ಒಂದೊಂದು ಮಾತೂ ನೆನಪಾಗಿ ನಾಚಿಕೆಯಿಂದ ಹಿಡಿಯಾದರು. ಕಣ್ಣು ಕಾಣದವಳ ಎದುರಿಗೂ ಅವರಿಗೆ ಮುಖ ಎತ್ತಲು ಆಗಲಿಲ್ಲ.

ಅಲ್ಲಿಂದಲೇ ಪ್ರಕಾಶನಕ್ಕೆ ಫೋನ್ ಮಾಡಿ, ತಪ್ಪು ತಮ್ಮದು, ಹುಡುಗಿಯದಲ್ಲ ಎಂದು ಗೋಗರೆದರು. ಹೊತ್ತು ಮೀರಿ ಬಂದದ್ದನ್ನು ನೋಡುವುದಿಲ್ಲ ಎಂದು ಅತ್ತಲಿನವರು ಖಡಾಖಂಡಿತವಾಗಿ ಹೇಳಿಬಿಟ್ಟರು.

“ನನ್ನಿಂದ ದೊಡ್ಡ ತಪ್ಪಾಯ್ತಮ್ಮ,” ಎಂದರು ಮೇಷ್ಟ್ರು.

ಹಂಸವೇಣಿ ಕೀಲಿಮಣೆಯನ್ನು ತನ್ನತ್ತ ಎಳೆದುಕೊಂಡಳು. ಆಮೇಲೆ, “ಪಾಸ್‌ವರ್ಡ್ ಬದಲಾಯಿಸೋದು ಹೇಗೆ ಅಂತ ಹೇಳ್ಕೊಡಿ ಸರ್,” ಎಂದಳು.

ಹೇಳಿಕೊಟ್ಟರು. ಅವಳು ಹೊಸದೊಂದನ್ನು ಒತ್ತಿದಳು.

“ಏನಿಟ್ಟೆ? ಮುಂದೆ ಏನಾದ್ರೂ ಕೆಟ್ರೆ ನನಗೆ ಬೇಕಾಗುತ್ತೆ,” ಮೇಷ್ಟ್ರು ಅಭ್ಯಾಸಬಲದಿಂದ ಕೇಳಿಯೇಬಿಟ್ಟರು.

“ಕೆಟ್ರೆ ನಾವೇ ನಿಮ್ಮನ್ನ ಕರೀತೀವಿ ಸರ್.”

ಮೇಷ್ಟ್ರು ತಲೆ ತಗ್ಗಿಸಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ನೀತಿ: ಕೀಲಿಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಂಡವನು ಸ್ವಾತಂತ್ರ್ಯ ಕೊಟ್ಟಂತಾಗಲಿಲ್ಲ. ಕೆಡಿಸಿಕೊಂಡು ಕಲಿಯುವ ಹಕ್ಕೂ ಸೇರಿದರೇನೇ ಅದು ಸ್ವಾತಂತ್ರ್ಯ. ಇನ್ನೊಬ್ಬರನ್ನು ಬಿಡುಗಡೆ ಮಾಡಿದೆವೆಂದು ಬೀಗುವ ಮೊದಲು ನಾವೆಲ್ಲ ಒಮ್ಮೆ ನಮ್ಮ ಜೇಬು ತಡವಿ ನೋಡಿಕೊಳ್ಳಬೇಕು.